ನಗದು ಪೇಟೆಗೆ, ಉದ್ರಿ ಊರಿಗೆ

ಊರಲ್ಲೇ ಇರುವವರಿಗೂ, ಊರು ಬಿಟ್ಟು ಬೆಂಗಳೂರು ಮೈಸೂರು ಸೇರಿ ಹಬ್ಬ ಜಾತ್ರೆಗೆ ಮಾತ್ರ ಹೋಗಿಬರುವವರಿಗೂ ಈ ಮಾತು. ನಿಮ್ಮೂರಿನ ಕಿರಾಣಿ ಅಂಗಡಿಯಲ್ಲಿ ಒಂದು ಉದ್ರಿ ಪುಸ್ತಕ ಇದೆ. ಅದರಲ್ಲಿ ನಿಮ್ಮ ಮನೆಯದೂ ಒಂದು ಪುಟ ಇರಬಹುದು. ಈ ತಿಂಗಳು ಆ ಪುಟದ ಬಾಕಿಯನ್ನು ತೀರಿಸಿಬಿಡಿ. ಮುಖ್ಯವಾಗಿ ನಾನು ಕೇಳಬೇಕೆಂದಿರುವುದು ಇಷ್ಟು. ಇದನ್ನು ಇಷ್ಟು ಒತ್ತಿ ಯಾಕೆ ಕೇಳುತ್ತಿದ್ದೇನೆ ಎಂಬುದಕ್ಕೆ ಒಂಚೂರು ಲೆಕ್ಕ ಹೇಳಬೇಕಾಗುತ್ತದೆ, ಬೇಸರಪಡದೆ ಓದಿ.

ಹಳ್ಳಿಯ ಎಷ್ಟೋ ಅಂಗಡಿಗಳು ಈಗ ನಡೆಯುತ್ತಿರುವುದು ಸಣ್ಣ ಸಾಲದ ಮೇಲೆ. ಸ್ವಸಹಾಯ ಸಂಘದಲ್ಲಿ ಎತ್ತಿದ್ದು, ಮುದ್ರಾ ಯೋಜನೆಯಲ್ಲಿ ಬ್ಯಾಂಕು ಕೊಟ್ಟಿದ್ದು, ಫೈನಾನ್ಸಿನವರು ಮನೆ ಬಾಗಿಲಿಗೆ ತಂದುಕೊಟ್ಟಿದ್ದು, ಹೀಗೆ. ಸಾಲ ಪಡೆದವರಲ್ಲಿ ಹೆಂಗಸರು ಬಹಳ. ಕಂತು ತಪ್ಪಿದರೆ ಸಂಘದಲ್ಲಿ ತಲೆ ತಗ್ಗಿಸಬೇಕಾಗುತ್ತದೆ ಎಂಬ ಅಂಜಿಕೆಯಲ್ಲಿ ದಿನ ದೂಡುವವರು ಅವರು.

ಬಂಡವಾಳ ಇಲ್ಲದ ಅಂಗಡಿ ಹೇಗಿರುತ್ತದೆ ಎಂದು ನಮಗೆಲ್ಲ ಗೊತ್ತು. ಶಾಂಪೂ ಸರ ಎರಡು ತೂಗಾಡುತ್ತಿರುತ್ತವೆ, ಬಿಸ್ಕತ್ತಿನ ಡಬ್ಬ ಅರ್ಧ ಖಾಲಿ, ತೊಗರಿಬೇಳೆ ಕೇಳಿದರೆ ‘ನಾಳೆ ಬರುತ್ತೆ’ ಎನ್ನುತ್ತಾರೆ. ಕೈಯಲ್ಲಿ ದುಡ್ಡಿಲ್ಲದ ಅಂಗಡಿಯವರು ಬಸ್ಸಿನಲ್ಲಿ ಪೇಟೆಗೆ ಹೋಗಿ ಐದೋ ಹತ್ತೋ ಕೆಜಿ ತರುತ್ತಾರೆ. ಅಷ್ಟು ಕಡಿಮೆ ಕೊಂಡರೆ ಸಗಟು ದರ ಸಿಗುವುದಿಲ್ಲ. ಬಸ್ಸಿನ ಲಗೇಜು ಚಾರ್ಜು, ಹಮಾಲಿ ಎಲ್ಲ ಕಳೆದರೆ ಉಳಿಯುವುದು ಬಿಡಿಗಾಸು. ಅದೇ 50,000 ರೂಪಾಯಿ ಕೈಗೆ ಬಂದರೆ ಅಕ್ಕಿಯನ್ನು ಮೂಟೆಯ ಲೆಕ್ಕದಲ್ಲಿ ಮಂಡಿಯಿಂದ ತರಬಹುದು. ಏಜೆನ್ಸಿಯವರ ಗಾಡಿ ಊರಿಗೆ ಬಂದಾಗ ಸೋಪನ್ನು ಪೂರ್ತಿ ಬಾಕ್ಸ್ ಇಳಿಸಿಕೊಂಡು, ಅದರ ಮೇಲೆ ಕೊಡುವ ಸ್ಕೀಮಿನ ಲಾಭವನ್ನೂ ಪಡೆಯಬಹುದು. ಸಣ್ಣ ಸಾಲ ಅಂಗಡಿಯನ್ನು ಬೆಳೆಸುವುದು ಹೀಗೆ, ಕೊಳ್ಳುವ ದರದಲ್ಲಿ. ಹೊಸ ಬೋರ್ಡು, ಬಣ್ಣ, ಗಾಜಿನ ಷೋಕೇಸು ಇವುಗಳಿಂದ ಅಲ್ಲ.

ಈಗ ಲೆಕ್ಕ. ಆ 50,000ವನ್ನು ವರ್ಷಕ್ಕೆ ನೂರಕ್ಕೆ 12ರಂತೆ, ಉಳಿದ ಅಸಲಿನ ಮೇಲಷ್ಟೇ ಬಡ್ಡಿ ಹಾಕುವ ಬ್ಯಾಂಕಿನಲ್ಲಿ ತೆಗೆದರೆ, ಎರಡು ವರ್ಷದ ಕಂತು ತಿಂಗಳಿಗೆ ಸುಮಾರು 2,354 ರೂಪಾಯಿ. ಕಿರಾಣಿಯಲ್ಲಿ ಸಕ್ಕರೆ, ಎಣ್ಣೆಗೆ ಸಿಗುವ ಲಾಭ ತೀರ ಕಡಿಮೆ. ಬಿಸ್ಕತ್ತು, ಸೋಪು, ಕುರುಕಲು ತಿಂಡಿಗೆ ಸ್ವಲ್ಪ ಜಾಸ್ತಿ. ಎಲ್ಲ ಸೇರಿ ನೂರಕ್ಕೆ ಹತ್ತು ಎಂದು ಉದಾರವಾಗಿಯೇ ಹಿಡಿಯೋಣ. ಹದಿನೈದು ದಿನಕ್ಕೊಮ್ಮೆ ಸರಕು ಮಾರಿ ದುಡ್ಡು ವಾಪಸು ಬಂದರೆ, ತಿಂಗಳಲ್ಲಿ ಬಂಡವಾಳ ಎರಡು ಸುತ್ತು ತಿರುಗಿ 10,000 ಸಿಗುತ್ತದೆ. ಆಟೋ ಬಾಡಿಗೆ, ಕರೆಂಟು ಬಿಲ್ಲು, ಹುಳ ಹಿಡಿದ ಬೇಳೆ ಎಲ್ಲ ಕಳೆದರೂ ಕಂತು ಕಟ್ಟಿ ಮನೆ ನಡೆಸಬಹುದು.

ಆದರೆ ಅದೇ 50,000ದಲ್ಲಿ 30,000 ರೂಪಾಯಿಯ ಸರಕು ಉದ್ರಿ ಹೋಗಿ ನಾಲ್ಕು ತಿಂಗಳು ವಾಪಸು ಬರಲಿಲ್ಲ ಎನ್ನಿ. ತಿರುಗಲು ಉಳಿದದ್ದು 20,000. ಅದರಿಂದ ತಿಂಗಳಿಗೆ ಬರುವುದು 4,000. ಕಂತು ಮಾತ್ರ 2,354 ಇದ್ದದ್ದು ಇದ್ದಹಾಗೇ ಇದೆ. ಉಳಿದ ಸಾವಿರದ ಆರುನೂರು ಚಿಲ್ಲರೆಯಲ್ಲಿ ಆಟೋ, ಕರೆಂಟು, ಮಕ್ಕಳ ಫೀಸು, ಮನೆಯ ಊಟ ಎಲ್ಲ ಆಗಬೇಕು. ಆಗುವುದಿಲ್ಲ. ಆಗ ಕಂತು ಕಟ್ಟಲು ಇನ್ನೊಂದು ಸಂಘದಲ್ಲಿ ಸಾಲ, ಅದನ್ನು ತೀರಿಸಲು ಕೈಸಾಲ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂದರೆ ಕಿವಿಗೆ ಸಣ್ಣದಾಗಿಯೇ ಕೇಳುತ್ತದೆ, ವರ್ಷಕ್ಕೆ ಅದು 36. ಐದು ರೂಪಾಯಿಯಾದರೆ 60. ‘ಅಂಗಡಿ ನಡೆಸೋಕೆ ಬರಲಿಲ್ಲ, ಸಾಲ ತಿಂದು ಹಾಕಿದ್ಲು’ ಎಂದು ಊರು ಆಡಿಕೊಳ್ಳುತ್ತದೆ. ಆಕೆ ತಿಂದಿರಲಿಲ್ಲ, ತಿಂದವರು ನಾವು. ನಮ್ಮ ಮನೆಯ ಅಕ್ಕಿ ಬೇಳೆಗೆ ಆಕೆ ಬ್ಯಾಂಕಿಗೆ ಬಡ್ಡಿ ಕಟ್ಟಿದಳು.

ಉದ್ರಿಯೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಕೂಲಿ ಸಿಗದ ವಾರದಲ್ಲಿ ಬಡವರ ಮನೆಯ ಒಲೆ ಉರಿಯುವುದು ಆ ಪುಸ್ತಕದ ನಂಬಿಕೆಯ ಮೇಲೆ. ಯಾವ ಬ್ಯಾಂಕೂ ಒಂದು ಪಾವು ಎಣ್ಣೆಗೆ ಸಾಲ ಕೊಡುವುದಿಲ್ಲ. ಕೂಲಿಯವರು ಬಟವಾಡೆಯ ದಿನ ಸಂಜೆ ಬಂದು ತೀರಿಸುತ್ತಾರೆ, ತೀರಿಸಲು ಆಗದಿದ್ದರೆ ನಾಚಿಕೊಂಡು ಅರ್ಧವಾದರೂ ಕೊಡುತ್ತಾರೆ. ಪುಸ್ತಕದಲ್ಲಿ ಉದ್ದಕ್ಕೆ ಬೆಳೆಯುವ ಪುಟಗಳು ಹೆಚ್ಚಾಗಿ ಬೇರೆಯವರವು. ಸಂಬಳ ಬರುವ ಮನೆ, ನೀರಾವರಿ ಜಮೀನಿರುವ ಮನೆ, ಊರಲ್ಲಿ ನಾಲ್ಕು ಜನ ಮಾತು ಕೇಳುವ ಮನೆ. ಅಂಥವರ ಮನೆ ಮುಂದೆ ನಿಂತು ‘ಅಣ್ಣಾ, ಬಾಕಿ ಇತ್ತು’ ಎನ್ನಲು ಒಬ್ಬ ವಿಧವೆಗೆ, ಹಿಂದುಳಿದ ಕೇರಿಯಲ್ಲಿ ಅಂಗಡಿ ಇಟ್ಟ ಹೆಣ್ಣುಮಗಳಿಗೆ ಬಾಯಿ ಬರುವುದಿಲ್ಲ. ಕೇಳಿದರೆ ಗಿರಾಕಿ ಹೋಗುತ್ತಾರೆ, ಕೆಲವು ಸಲ ಮರ್ಯಾದೆಯೂ ಹೋಗುತ್ತದೆ. ಆಕೆ ಕೇಳಲಾರಳು ಎಂಬುದು ನಮಗೆ ಚೆನ್ನಾಗಿ ಗೊತ್ತು, ಗೊತ್ತಿದ್ದೇ ಮುಂದೂಡುತ್ತೇವೆ. ಈ ಮನವಿ ಮೊದಲಿಗೆ ಅಂಥ ಮನೆಗಳವರಿಗೆ.

ರೈತರ ಕಷ್ಟ ಬೇರೆ, ಅದನ್ನು ಮರೆತು ಮಾತಾಡಲಾಗದು. ಮಂಡ್ಯ ಸೀಮೆಯಲ್ಲಿ ಕಬ್ಬು ಕಡಿದು ಕಾರ್ಖಾನೆಗೆ ಹಾಕಿದ 14 ದಿನದೊಳಗೆ ಬಿಲ್ಲು ಕೊಡಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15ರ ಬಡ್ಡಿ ಸೇರಿಸಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಿಲ್ಲು ತಡವಾದಾಗಲೆಲ್ಲ ರೈತರು ಬೀದಿಗೆ ಇಳಿದಿದ್ದಾರೆ, ಇಳಿಯಬೇಕಾದದ್ದೇ. ಆದರೆ ಅಷ್ಟು ದಿನ ಆ ರೈತನ ಮನೆಗೆ ಸಕ್ಕರೆ, ಸೋಪು, ಎಣ್ಣೆ ಕೊಟ್ಟು ಸಾಕಿದ ಅಂಗಡಿಗೆ ಯಾವ ಆದೇಶವೂ ಬಡ್ಡಿ ಕೊಡಿಸುವುದಿಲ್ಲ. ಕಾರ್ಖಾನೆಯ ಬಾಕಿ ರೈತನ ಮೇಲೆ, ರೈತನ ಬಾಕಿ ಅಂಗಡಿಯ ಮೇಲೆ, ಅಂಗಡಿಯ ಬಾಕಿ ಸಂಘದ ಮೇಲೆ ಬೀಳುತ್ತದೆ. ಬಿಲ್ಲು ಕೈಗೆ ಬಂದ ದಿನ ಗೊಬ್ಬರದಂಗಡಿ, ಟ್ರ್ಯಾಕ್ಟರ್ ಕಂತು ಎಲ್ಲ ನೆನಪಾಗುತ್ತವಲ್ಲ, ಆ ಸಾಲಿನಲ್ಲಿ ಕಿರಾಣಿ ಅಂಗಡಿಯ ಹೆಸರನ್ನು ಕೊನೆಗೆ ಬರೆಯಬೇಡಿ. ಹಾಲು ಹಾಕುವ ಮನೆಗಳಿಗೆ ಇದು ಇನ್ನೂ ಸುಲಭ, ಡೇರಿಯ ಬಟವಾಡೆ ಬೇಗ ಬೇಗ ಬರುತ್ತದೆ.

ನನಗೆ ತುಂಬ ನೋವು ಕೊಡುವುದು ಇನ್ನೊಂದು. ಕೈಯಲ್ಲಿ ದುಡ್ಡು ಇದ್ದಾಗ ನಾವು ಪೇಟೆಯ ದೊಡ್ಡ ಮಾರ್ಟಿಗೆ ಹೋಗುತ್ತೇವೆ. ದುಡ್ಡು ಇಲ್ಲದಾಗ ಊರಿನ ಅಂಗಡಿಗೆ ಮಗುವನ್ನು ಕಳಿಸಿ ‘ಬರ್ಕೊಳ್ಳೋಕೆ ಹೇಳು’ ಎನ್ನುತ್ತೇವೆ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು, ಅದೇ ವರ್ಷ ಆಗಸ್ಟ್ 30ರಂದು ಗೃಹಲಕ್ಷ್ಮಿಯ ತಿಂಗಳ 2,000 ಶುರುವಾಯಿತು. ಎರಡೂ ಹಳ್ಳಿಯ ಹೆಂಗಸರಿಗೆ ದೊಡ್ಡ ಆಸರೆ, ಅದರಲ್ಲಿ ನನಗೆ ಸಂದೇಹವಿಲ್ಲ. ಕೇಳುವುದು ಇಷ್ಟು: ಆ ಎರಡು ಸಾವಿರದಲ್ಲಿ ಕೊಳ್ಳುವ ದಿನಸಿಯಲ್ಲಿ ಅರ್ಧವಾದರೂ ನಮ್ಮೂರ ಅಂಗಡಿಯಲ್ಲಿ, ನಗದಿಗೆ ಕೊಳ್ಳಿ. ಪೇಟೆಯಲ್ಲಿ ಕೆಜಿಗೆ ಎರಡು ರೂಪಾಯಿ ಕಡಿಮೆ ಇರಬಹುದು. ರಾತ್ರಿ ಎಂಟೂವರೆಗೆ ಮಗುವಿಗೆ ಹಾಲಿನ ಪುಡಿ ಬೇಕಾದಾಗ, ಬಾಗಿಲು ಹಾಕಿದ ಮೇಲೂ ಒಂದು ಕರೆಗೆ ಎದ್ದು ಬಂದು ಕೊಡುವವರು ಪೇಟೆಯವರಲ್ಲ.

ಸಾಲ ತೆಗೆಯಲು ಹೊರಟಿರುವ ಅಂಗಡಿಯ ಅಕ್ಕತಂಗಿಯರಲ್ಲಿ, ಅಣ್ಣತಮ್ಮಂದಿರಲ್ಲಿ ನಾಲ್ಕು ಮಾತು ಕೇಳಿಕೊಳ್ಳಬೇಕು. ದುಡ್ಡು ಕೈಗೆ ಬಂದ ವಾರ ಫ್ರಿಜ್ ತರಬೇಡಿ. ಬೇಸಿಗೆಯಲ್ಲಿ ತಂಪು ಪಾನೀಯ ಓಡುತ್ತದೆ ನಿಜ, ಆದರೆ ಮಳೆಗಾಲದಲ್ಲೂ ಕರೆಂಟು ಬಿಲ್ಲು ಬರುತ್ತದೆ. ಮೊದಲು ಬೇಗ ಮಾರಿ ಹೋಗುವ ಸರಕು ತುಂಬಿ, ಎರಡು ಮೂರು ತಿಂಗಳ ಓಡಾಟ ನೋಡಿ. ಬಡ್ಡಿ ಹೇಳುವಾಗ ‘ಫ್ಲ್ಯಾಟ್ ರೇಟಾ, ಉಳಿದ ಅಸಲಿನ ಮೇಲಾ’ ಎಂದು ಕೇಳಿ. ಅದೇ 50,000ಕ್ಕೆ ಎರಡು ವರ್ಷ ಫ್ಲ್ಯಾಟ್ 12 ಎಂದರೆ ಬಡ್ಡಿ 12,000 ಆಗುತ್ತದೆ. ಉಳಿದ ಅಸಲಿನ ಮೇಲೆ ಹಾಕಿದರೆ ಸುಮಾರು 6,500. ಹೇಳುವ ಅಂಕಿ ಒಂದೇ, ಕಟ್ಟುವ ಬಡ್ಡಿ ಹೆಚ್ಚುಕಡಿಮೆ ಎರಡರಷ್ಟು. ಉದ್ರಿಗೂ ಒಂದು ಮಿತಿ ಇಟ್ಟುಕೊಳ್ಳಿ. ಒಂದು ಮನೆಗೆ ಇಷ್ಟು ಎಂದು ಗೋಡೆಯ ಮೇಲೆ ಬರೆದು ಹಾಕಿ, ಬಂಧುಗಳಿಗೂ ಅದೇ ಮಿತಿ.

ಕಂತಿನ ದುಡ್ಡನ್ನು ತಿಂಗಳ ಕೊನೆಗೆ ಹುಡುಕಬೇಡಿ. ಅಂಗಡಿಯ ಆದಾಯ ದಿನದ್ದು, ಕಂತು ತಿಂಗಳಿನದು. ಇದನ್ನು ಬಹಳ ಹಿಂದೆಯೇ ಕಂಡುಕೊಂಡವರು ನಮ್ಮ ಕರಾವಳಿಯವರು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಶುರುಮಾಡಿತು. ಮನೆ ಬಾಗಿಲಿಗೆ, ಅಂಗಡಿಯ ಮುಂದಕ್ಕೆ ದಿನಾ ಬಂದು ಎರಡಾಣೆಯಿಂದ ಹಣ ಕಟ್ಟಿಸಿಕೊಂಡು ಹೋಗುವ ಪದ್ಧತಿ ಅದು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದರೂ ಪಿಗ್ಮಿಯ ಹೆಸರು ಸಹಕಾರ ಸಂಘಗಳಲ್ಲಿ ಇಂದಿಗೂ ಬದುಕಿದೆ. ದಿನಾ ಸಂಜೆ 80 ರೂಪಾಯಿ ಪಿಗ್ಮಿಗೆ ಹೋದರೆ ಮೇಲೆ ಹೇಳಿದ ಕಂತು ತಿಂಗಳಿಗೆ ತಾನೇ ಸಿದ್ಧವಾಗಿರುತ್ತದೆ.

ಫೈನಾನ್ಸಿನವರ ಕಾಟಕ್ಕೆ ಹೆದರಿದವರಿಗೂ ಒಂದು ಮಾತು. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ವರ್ಷಕ್ಕೆ 3 ಲಕ್ಷದವರೆಗೆ ಆದಾಯದ ಮನೆಗೆ ಕೊಡುವ ಕಿರುಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಆ ಮನೆಯ ಎಲ್ಲ ಸಾಲದ ಕಂತೂ ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನು ಮಾಡುವಂತಿಲ್ಲ. ಬೀಗ ಹಾಕಿ ಊರು ಬಿಟ್ಟ ಕುಟುಂಬಗಳನ್ನು, ಜೀವ ಕಳೆದುಕೊಂಡವರನ್ನು ಕಂಡ ಮೇಲೆ ನಮ್ಮ ರಾಜ್ಯವೂ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಎಂದು ಮಾಡಿತು. ಪೀಡಿಸಿದರೆ ಒಬ್ಬರೇ ಕೂತು ಅಳಬೇಡಿ, ಸಂಘದವರನ್ನು ಜೊತೆಗೆ ಕರೆದುಕೊಂಡು ಪೊಲೀಸ್ ಠಾಣೆಗೆ ಹೋಗಿ.

ಬ್ಯಾಂಕಿನ ಶಾಖೆಯಲ್ಲಿ ಕೂತ ಅಧಿಕಾರಿಗಳೇ, ನಿಮ್ಮಲ್ಲೂ ಕೇಳುವುದಿದೆ. 2015ರ ಏಪ್ರಿಲ್ 8ರಂದು ಶುರುವಾದ ಮುದ್ರಾ ಯೋಜನೆಯ ‘ಶಿಶು’ ವರ್ಗ ಇರುವುದೇ 50,000 ರೂಪಾಯಿವರೆಗಿನ ಇಂಥ ಸಾಲಕ್ಕೆ. ಅದಕ್ಕೆ ಅಡಮಾನ ಬೇಡ, ನಷ್ಟಕ್ಕೆ ಖಾತರಿ ನಿಧಿಯ ರಕ್ಷಣೆಯೂ ಇದೆ, ದಲ್ಲಾಳಿಗಳಿಗೆ ಅಲ್ಲಿ ಜಾಗವೇ ಇಲ್ಲ. ಹಾಗಿದ್ದೂ ಪತ್ರ ತನ್ನಿ, ಜಾಮೀನು ತನ್ನಿ, ನಾಳೆ ಬನ್ನಿ ಎಂದು ತಿರುಗಿಸಿದರೆ ಅಂಗಡಿಯಾಕೆ ಮೀಟರ್ ಬಡ್ಡಿಯವರ ಬಳಿಗೆ ಹೋಗುತ್ತಾಳೆ. ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದ ನೆಲ ಇದು. ಸಣ್ಣ ಸಾಲದ ವಿಷಯದಲ್ಲಿ ಕನ್ನಡನಾಡು ಯಾರಿಂದಲೂ ಹೊಸದಾಗಿ ಕಲಿಯಬೇಕಿಲ್ಲ. ಆಗುವುದಾದರೆ ಹಳ್ಳಿಯ ಅಂಗಡಿಯ ಕಂತನ್ನು ಊರಿನ ಬೆಳೆ, ಬಟವಾಡೆ ನೋಡಿ ಹೊಂದಿಸಿಕೊಡಿ. ಸಾಲ ಕೊಟ್ಟ ಮೂರು ತಿಂಗಳಿಗೆ ಒಮ್ಮೆ ಅಂಗಡಿಗೇ ಹೋಗಿ ಕಪಾಟು ನೋಡಿ ಬನ್ನಿ.

ಇನ್ನು ಫೋನಿನಲ್ಲಿ ದುಡ್ಡು ಕಳಿಸುವ ವಿಚಾರ. 2025ರ ಜುಲೈನಲ್ಲಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಬಂದ ಮೇಲೆ ಎಷ್ಟೋ ಅಂಗಡಿಗಳು ಕ್ಯೂಆರ್ ಚೀಟಿಯನ್ನು ಕಿತ್ತು ಹಾಕಿದವು. ಸರಕು ಮಾತ್ರ ಮಾರುವವರಿಗೆ ವರ್ಷದ ವಹಿವಾಟು ಸಾಮಾನ್ಯವಾಗಿ 40 ಲಕ್ಷ ದಾಟುವವರೆಗೆ ನೋಂದಣಿಯ ಒತ್ತಾಯವಿಲ್ಲ. ಬೀಡಿ ಸಿಗರೇಟು, ಪಾನ್ ಮಸಾಲಾ, ಐಸ್‌ಕ್ರೀಮ್ ಇಟ್ಟವರಿಗೆ ಮಿತಿ 20 ಲಕ್ಷ, ಅಂದರೆ ದಿನಕ್ಕೆ ಸುಮಾರು ಐದೂವರೆ ಸಾವಿರದ ವ್ಯಾಪಾರ. ಹಳ್ಳಿಯ ಸಣ್ಣ ಅಂಗಡಿ ಅದರ ಹತ್ತಿರ ಸುಳಿಯುವುದೂ ಅಪರೂಪ. ಫೋನಿನ ವಹಿವಾಟಿನ ದಾಖಲೆಯೇ ನಾಳೆ ದೊಡ್ಡ ಸಾಲ ಕೇಳುವಾಗ ಅಂಗಡಿಯಾಕೆಯ ಪರವಾಗಿ ಮಾತಾಡುತ್ತದೆ, ಆದ್ದರಿಂದ ಹೆದರಿಸಿ ಕ್ಯೂಆರ್ ಚೀಟಿಯನ್ನು ತೆಗೆಸಬೇಡಿ.

ಬೆಂಗಳೂರಿನಲ್ಲಿರುವ ಮಕ್ಕಳೇ, ನಿಮಗಂತೂ ಊರಿಗೆ ಹೋಗುವವರೆಗೆ ಕಾಯುವ ಕಾರಣವಿಲ್ಲ. ಈ ಭಾನುವಾರ ಅಪ್ಪನಿಗೋ ಅಮ್ಮನಿಗೋ ಫೋನು ಮಾಡಿದಾಗ, ಅಂಗಡಿಯಲ್ಲಿ ನಮ್ಮ ಲೆಕ್ಕ ಎಷ್ಟಿದೆ ಎಂದು ಕೇಳಿ. ಇಲ್ಲ ಬಿಡು ಎಂದು ಅವರು ಜಾರಿಕೊಳ್ಳಬಹುದು. ಅಂಗಡಿಯ ನಂಬರು ತೆಗೆದುಕೊಂಡು ನೀವೇ ವಿಚಾರಿಸಿ, ಬಾಕಿ ಪೂರ್ತಿ ಕಳಿಸಿ. ಕೈ ಬಿಗಿಯಿದ್ದರೆ ಅರ್ಧ ಕಳಿಸಿ, ಉಳಿದದ್ದಕ್ಕೆ ತಾರೀಕು ಹೇಳಿ. ಮುಂದಿನ ತಿಂಗಳಿನಿಂದ ಮನೆಯ ದಿನಸಿಗೆ ಒಂದನೇ ತಾರೀಕಿಗೇ ಒಂದಿಷ್ಟು ಮುಂಗಡ ಹಾಕಿಬಿಟ್ಟರೆ ಇನ್ನೂ ಒಳ್ಳೆಯದು. ಅಂಗಡಿಯಾಕೆಯ ಕಂತು ಐದನೇ ತಾರೀಕಿಗೋ ಹತ್ತನೇ ತಾರೀಕಿಗೋ ಇರುತ್ತದೆ, ಅದನ್ನೂ ಕೇಳಿಕೊಂಡು ಅದಕ್ಕೆ ಮುಂಚೆಯೇ ತಲುಪಿಸಿ.