ತೊಟ್ಟಿಲಿಗಿರುವ ಕಾನೂನು ಪಿಸ್ತೂಲಿಗಿಲ್ಲ

2023ರ ಮಾರ್ಚ್ ತಿಂಗಳ ಒಂದು ಶನಿವಾರ, ಅಮೆರಿಕದ ಒಹಾಯೊ ರಾಜ್ಯದಲ್ಲಿ ನಮ್ಮ ಊರಿನ ಹೊರವಲಯದ ಗುರಿ ಅಭ್ಯಾಸದ ಅಂಗಳದಲ್ಲಿ, ನಾನು ಟ್ರಿಗರ್ ಮುಟ್ಟದೆಯೇ ನನ್ನ ಪಿಸ್ತೂಲಿನಿಂದ ಗುಂಡು ಹಾರಿತು. ಆ ಮಾದರಿಯಲ್ಲಿ ಪಕ್ಕಕ್ಕೆ ಒಂದು ಸಣ್ಣ ಸನ್ನೆ ಇರುತ್ತದೆ. ಅದನ್ನು ಕೆಳಕ್ಕೆ ಒತ್ತಿದರೆ, ಹಿಂದಕ್ಕೆ ಎಳೆದು ನಿಂತ ಹ್ಯಾಮರ್ ಗುಂಡಿಗೆ ತಗುಲದಂತೆ ಇಳಿಯಬೇಕು. ಹ್ಯಾಮರೇನೋ ಇಳಿಯಿತು, ಜೊತೆಗೆ ಗುಂಡೂ ಹೊರಟಿತು. ನಳಿಕೆ ಎದುರಿನ ಮಣ್ಣಿನ ದಿಬ್ಬದತ್ತ ಇದ್ದುದರಿಂದ ಈ ಲೇಖನ ಬರೆಯುವ ಸ್ಥಿತಿಯಲ್ಲಿದ್ದೇನೆ. ಅದೇ ಸನ್ನೆಯನ್ನು ನಾನು ಮನೆಯಲ್ಲಿ, ಮಲಗುವ ಕೋಣೆಯಲ್ಲಿ, ಎಷ್ಟು ಬಾರಿ ಒತ್ತಿದ್ದೆನೋ ಲೆಕ್ಕವಿಲ್ಲ. ಗೋಡೆಯ ಆಚೆ ಮಗಳು ಓದುತ್ತ ಕೂತಿರುತ್ತಿದ್ದಳು.

ಪಿಸ್ತೂಲು ಏಕೆ ಕೊಂಡಿರಿ ಎಂದು ಊರಿನ ಬಂಧುಗಳು ಕೇಳುತ್ತಾರೆ. 2017ರ ಫೆಬ್ರುವರಿಯಲ್ಲಿ ಕಾನ್ಸಾಸ್ ರಾಜ್ಯದ ಓಲೇಥದಲ್ಲಿ ಹೈದರಾಬಾದ್ ಕಡೆಯ ಎಂಜಿನಿಯರ್ ಒಬ್ಬರನ್ನು ‘ನನ್ನ ದೇಶ ಬಿಟ್ಟು ತೊಲಗು’ ಎಂದು ಕೂಗಿದವನು ಗುಂಡಿಟ್ಟು ಕೊಂದ ಬಳಿಕ ಇಲ್ಲಿನ ಅನೇಕ ಭಾರತೀಯ ಮನೆಗಳಲ್ಲಿ ಆ ಯೋಚನೆ ಹುಟ್ಟಿತು. ನನ್ನಲ್ಲಿಯೂ ಹುಟ್ಟಿತು. ಅದು ಸರಿಯಾದ ಯೋಚನೆಯಾಗಿತ್ತೇ ಎಂಬ ಬಗ್ಗೆ ನನ್ನ ಪತ್ನಿಗೆ ಅಂದೂ ಅನುಮಾನವಿತ್ತು, ಇಂದೂ ಇದೆ. ಆ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ. ನಾನು ಹೇಳಹೊರಟಿರುವುದು ಕೆಟ್ಟುಹೋದ ಪಿಸ್ತೂಲಿನ ಕತೆ.

ತಯಾರಕರಿಗೆ ದೂರವಾಣಿ ಮಾಡಿದೆ. ಆಯುಷ್ಯಪರ್ಯಂತ ವಾರಂಟಿ ಇದೆ, ಕಳುಹಿಸಿ ಎಂದರು. ಕಳುಹಿಸುವ ವಿಧಾನ ಮಾತ್ರ ವಿಚಿತ್ರವಾಗಿತ್ತು. 1927ರ ಕಾನೂನೊಂದರ ಪ್ರಕಾರ ನನ್ನಂಥ ಸಾಮಾನ್ಯರು ಪಿಸ್ತೂಲನ್ನು ಸರ್ಕಾರಿ ಅಂಚೆಯಲ್ಲಿ ಹಾಕುವಂತಿರಲಿಲ್ಲ. ಉದ್ದ ನಳಿಕೆಯ ಬಂದೂಕಾದರೆ ಅಂಚೆಯಲ್ಲಿ ಹಾಕಬಹುದಿತ್ತು. ಬಚ್ಚಿಡಬಹುದಾದ ಸಣ್ಣ ಆಯುಧಕ್ಕೆ ಮಾತ್ರ ನಿಷೇಧ. ಖಾಸಗಿ ಕೊರಿಯರ್ ಸಂಸ್ಥೆಗಳೂ ತಮ್ಮೊಡನೆ ಒಪ್ಪಂದವಿರುವ ಪರವಾನಗಿದಾರರ ಹೊರತು ಬೇರೆಯವರಿಂದ ಆಯುಧದ ಪೆಟ್ಟಿಗೆ ಪಡೆಯಲು ಹಿಂಜರಿಯುತ್ತಿದ್ದವು. ಆದ್ದರಿಂದ ತಯಾರಕರೇ ತಮ್ಮ ಖಾತೆಯ ಹೆಸರಿನಲ್ಲಿ, ಶುಲ್ಕ ಪಾವತಿಯಾದ ಚೀಟಿಯೊಂದನ್ನು ಇ-ಮೇಲಿನಲ್ಲಿ ಕಳುಹಿಸಿದರು. ಗುಂಡು ತೆಗೆಯಿರಿ, ಮ್ಯಾಗಜೀನ್ ಬೇರ್ಪಡಿಸಿ, ಒರೆ ಮುಂತಾದವನ್ನು ಹಾಕಬೇಡಿ, ಪೆಟ್ಟಿಗೆಯ ಹೊರಗೆ ಒಳಗೇನಿದೆ ಎಂಬ ಸುಳಿವೂ ಇರಕೂಡದು ಎಂಬ ಸೂಚನೆಗಳಿದ್ದವು. ಈ ಕೊನೆಯದು ಬರೀ ಕಂಪೆನಿಯ ನಿಯಮವಲ್ಲ. ಆಯುಧವಿದೆ ಎಂದು ಪೆಟ್ಟಿಗೆಯ ಹೊರಗೆ ಚೀಟಿ ಅಂಟಿಸುವಂತೆ ಕೊರಿಯರ್‌ನವರು ಒತ್ತಾಯಿಸಬಾರದು ಎಂದು 1993ರಲ್ಲಿ ಕಾಯ್ದೆಯೇ ಆಯಿತು. ಕಳ್ಳತನದ ಭಯ.

ಮೂರು ವಾರಗಳ ನಂತರ ಪೆಟ್ಟಿಗೆ ನೇರವಾಗಿ ಮನೆಬಾಗಿಲಿಗೆ ಮರಳಿತು. ಹೊಸದನ್ನು ಕೊಳ್ಳುವಾಗ ಅಂಗಡಿಯಲ್ಲಿ ನಮೂನೆ ತುಂಬಿ, ಹಿನ್ನೆಲೆಯ ತಪಾಸಣೆಗೆ ಒಳಗಾಗಬೇಕು. ದುರಸ್ತಿಯಾಗಿ ಬಂದ ಆಯುಧಕ್ಕೆ ಅದೊಂದೂ ಬೇಡ. 1968ರ ಆಯುಧ ನಿಯಂತ್ರಣ ಕಾಯ್ದೆಯೇ ಈ ವಿನಾಯಿತಿ ನೀಡಿದೆ. ಹಳೆಯದರ ಬದಲು ಅದೇ ಬಗೆಯ ಇನ್ನೊಂದನ್ನು ಕಳುಹಿಸಿದರೂ ಆಗುತ್ತದೆ. ಇದಕ್ಕೆ ನನ್ನ ಆಕ್ಷೇಪವಿಲ್ಲ. ರಿಪೇರಿಯ ದಾರಿ ಕಷ್ಟವಾದಷ್ಟೂ ಜನ ಕೆಟ್ಟ ಆಯುಧವನ್ನು ಹಾಗೆಯೇ ಮೇಜಿನ ಖಾನೆಯಲ್ಲಿ ಬಿಡುತ್ತಾರೆ.

ಪೆಟ್ಟಿಗೆಯೊಳಗೆ ಒಂದು ಕಾಗದವಿತ್ತು. ‘ಬಿಡಿಭಾಗ ಬದಲಿಸಲಾಗಿದೆ, ಪರೀಕ್ಷಿಸಿ ಹಾರಿಸಲಾಗಿದೆ’ ಎಂಬ ಎರಡು ಸಾಲು. ಯಾವ ಭಾಗ, ಏಕೆ ಕೆಟ್ಟಿತು, ಅದೇ ದಿನ ಅದೇ ಯಂತ್ರದಿಂದ ಹೊರಬಂದ ಉಳಿದ ಭಾಗಗಳು ಯಾರ ಮನೆಯಲ್ಲಿವೆ? ನಾನು ಎರಡು ದಶಕಗಳಿಂದ ಕಾರಿನ ಬ್ರೇಕಿನ ಬಿಡಿಭಾಗಗಳ ಗುಣಮಟ್ಟ ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ನಮ್ಮ ವೃತ್ತಿಯಲ್ಲಿ ಒಂದು ಭಾಗ ಒಡೆದು ಬಂದರೆ ಮೊದಲು ಏಳುವ ಪ್ರಶ್ನೆಗಳೇ ಇವು. ಪತ್ರ ಬರೆದು ಕೇಳಿದೆ. ಉತ್ತರ ಬರಲಿಲ್ಲ. ಮತ್ತೊಮ್ಮೆ ಬರೆದೆ. ‘ನಿಮ್ಮ ಆಯುಧ ಈಗ ಸುಸ್ಥಿತಿಯಲ್ಲಿದೆ’ ಎಂದು ಸೌಜನ್ಯದ ಮರುನುಡಿ ಬಂತು.

ಸರಿ, ಸರ್ಕಾರಕ್ಕೆ ದೂರು ಕೊಡೋಣವೆಂದು ಹೊರಟಾಗಲೇ ನನಗೆ ಈ ದೇಶದ ಒಂದು ದೊಡ್ಡ ವಿಪರ್ಯಾಸದ ಪರಿಚಯವಾದದ್ದು. ದೂರು ಕೇಳುವವರೇ ಇಲ್ಲ. 1972ರಲ್ಲಿ ಅಮೆರಿಕದ ಸಂಸತ್ತು ಗ್ರಾಹಕ ಉತ್ಪನ್ನಗಳ ಸುರಕ್ಷತಾ ಆಯೋಗವನ್ನು ಸ್ಥಾಪಿಸಿತು. ಆಟಿಕೆ, ಏಣಿ, ಇಸ್ತ್ರಿಪೆಟ್ಟಿಗೆ, ತೊಟ್ಟಿಲು ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ಪಕ್ಕದ ಕಟಕಟೆ ಕೆಳಗಿಳಿಯುವ ಮಾದರಿಯ ತೊಟ್ಟಿಲುಗಳಿಂದ ಶಿಶುಗಳು ಸತ್ತಾಗ ಆಯೋಗ 2011ರಿಂದ ಅವುಗಳ ಮಾರಾಟವನ್ನೇ ನಿಲ್ಲಿಸಿತು. ಆದರೆ ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಒಂದು ವಾಕ್ಯವಿದೆ: ಬಂದೂಕು, ಪಿಸ್ತೂಲು, ಗುಂಡುಗಳ ಮೇಲೆ ತಯಾರಿಕಾ ಹಂತದಲ್ಲಿ ವಿಧಿಸುವ ವಿಶೇಷ ತೆರಿಗೆಗೆ ಒಳಪಟ್ಟ ವಸ್ತುಗಳು ‘ಗ್ರಾಹಕ ಉತ್ಪನ್ನ’ಗಳಲ್ಲ. ಹೆಸರು ಹೇಳದೆ, ತೆರಿಗೆಯ ಸೆಕ್ಷನ್ ತೋರಿಸಿ, ಇಡೀ ಉದ್ಯಮವನ್ನು ಹೊರಗಿಟ್ಟದ್ದು ಶಾಸನಕಾರರ ಕೈಚಳಕವೇ ಸರಿ. ಮಕ್ಕಳು ಆಡುವ ಸಣ್ಣ ಛರ್ರೆಯ ಗಾಳಿಬಂದೂಕು ಮಾತ್ರ ಆ ತೆರಿಗೆಗೆ ಬರುವುದಿಲ್ಲ. ಹಾಗಾಗಿ 2001ರಲ್ಲಿ ಡೈಸಿ ಕಂಪೆನಿಯ ಗಾಳಿಬಂದೂಕುಗಳು ದೋಷಯುಕ್ತವೆಂದು ಇದೇ ಆಯೋಗ ಮೊಕದ್ದಮೆ ಹೂಡಲು ಸಾಧ್ಯವಾಯಿತು. ನಿಜವಾದ ಗುಂಡು ಹಾರಿಸುವ ನನ್ನ ಪಿಸ್ತೂಲಿನ ಬಗ್ಗೆ ಅದು ಬಾಯಿ ತೆರೆಯುವಂತಿಲ್ಲ.

ಆಯುಧಗಳ ಉಸ್ತುವಾರಿಗೆಂದೇ ಕೇಂದ್ರದಲ್ಲಿ ಇನ್ನೊಂದು ಇಲಾಖೆ ಇದೆ. ಯಾರು ತಯಾರಿಸಿದರು, ಯಾರಿಗೆ ಮಾರಿದರು, ಕ್ರಮಸಂಖ್ಯೆ ಏನು ಎಂಬುದನ್ನು ಅದು ನೋಡುತ್ತದೆ. ನನ್ನ ಪಿಸ್ತೂಲು ಕಾರ್ಖಾನೆಯಲ್ಲಿ ಒಂದು ರಾತ್ರಿ ಉಳಿದರೂ ಅದು ಪುಸ್ತಕದಲ್ಲಿ ದಾಖಲಾಗಬೇಕು. ಅದು ಕೈಜಾರಿ ಬಿದ್ದರೆ ಗುಂಡು ಹಾರುತ್ತದೆಯೇ ಎಂಬ ಪ್ರಶ್ನೆಗೆ ಮಾತ್ರ ಆ ಪುಸ್ತಕದಲ್ಲಿ ಅಂಕಣವಿಲ್ಲ. ಮ್ಯಾಸಚೂಸೆಟ್ಸ್, ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು 1990ರ ದಶಕದ ಕೊನೆಯಲ್ಲಿ ಬೀಳಿಸಿ ನೋಡುವ ಪರೀಕ್ಷೆಯನ್ನು ಕಡ್ಡಾಯ ಮಾಡಿದವು. ಒಹಾಯೊ ಆ ಸಾಲಿನಲ್ಲಿಲ್ಲ.

ನಾನು ದುಡಿಯುವ ಕ್ಷೇತ್ರ ಹೇಗಿದೆ ನೋಡಿ. 1966ರ ಕಾನೂನು ದೋಷಯುಕ್ತ ಕಾರುಗಳನ್ನು ವಾಪಸು ಕರೆಸುವ ವ್ಯವಸ್ಥೆಗೆ ದಾರಿ ಮಾಡಿತು. 2000ದಲ್ಲಿ ಫೈರ್‌ಸ್ಟೋನ್ ಟೈರುಗಳ ದುರಂತದ ನಂತರ, ಸಾವುನೋವಿನ ದೂರುಗಳನ್ನು ತಯಾರಕರೇ ಸರ್ಕಾರಕ್ಕೆ ನಿಯತವಾಗಿ ಒಪ್ಪಿಸಬೇಕೆಂಬ ಕಾನೂನು ಬಂತು. ಟಕಾಟಾ ಏರ್‌ಬ್ಯಾಗುಗಳ ಪ್ರಕರಣದಲ್ಲಿ ಸುಮಾರು 6.7 ಕೋಟಿ ಏರ್‌ಬ್ಯಾಗುಗಳನ್ನು ಹಿಂದಕ್ಕೆ ಕರೆಸಲಾಯಿತು. ಯಾರು ಬೇಕಾದರೂ ತಮ್ಮ ಕಾರಿನ ಸಂಖ್ಯೆ ಒತ್ತಿ, ಅದರಲ್ಲಿ ಬಾಕಿ ಉಳಿದ ದೋಷವೇನೆಂದು ಒಂದು ನಿಮಿಷದಲ್ಲಿ ತಿಳಿಯಬಹುದು. ಈ ವ್ಯವಸ್ಥೆಯಿಂದ ಕಾರು ನಡೆಸುವ ಯಾರ ಹಕ್ಕೂ ಹೋಗಿಲ್ಲ.

ಕಡ್ಡಾಯವಿಲ್ಲದೆಡೆ ಏನಾಗುತ್ತದೆ ಎಂಬುದಕ್ಕೆ ರೆಮಿಂಗ್ಟನ್ 700 ರೈಫಲಿನ ಕತೆ ಸಾಕು. 2000ದ ಅಕ್ಟೋಬರಿನಲ್ಲಿ ಮೊಂಟಾನಾದಲ್ಲಿ ಬೇಟೆ ಮುಗಿಸಿ ಬಂದ ತಾಯಿಯೊಬ್ಬರು ಗುಂಡು ಹೊರತೆಗೆಯಲೆಂದು ಸೇಫ್ಟಿ ಸರಿಸಿದಾಗ ರೈಫಲ್ ಹಾರಿ ಅವರ ಒಂಬತ್ತು ವರ್ಷದ ಮಗ ಸತ್ತ. ಟ್ರಿಗರಿನ ವಿನ್ಯಾಸದ ಮೇಲೆ ಅದಕ್ಕೂ ಮೊದಲೇ ಮೊಕದ್ದಮೆಗಳಿದ್ದವು. ಕಂಪೆನಿ ದೋಷವನ್ನು ಒಪ್ಪಲಿಲ್ಲ. ಕೊನೆಗೆ ನ್ಯಾಯಾಲಯದ ರಾಜಿಯೊಂದು 2017ರಲ್ಲಿ ಅಂಗೀಕಾರವಾಗಿ, ಸುಮಾರು 75 ಲಕ್ಷ ಬಂದೂಕುಗಳಿಗೆ ಉಚಿತವಾಗಿ ಟ್ರಿಗರ್ ಬದಲಿಸುವುದಾಗಿ ಕಂಪೆನಿ ಒಪ್ಪಿತು. ಆ ಹೊತ್ತಿಗೆ ಅರ್ಜಿ ಹಾಕಿದ್ದವರು ಸುಮಾರು 22,000 ಮಂದಿ. ಉಳಿದವರಿಗೆ ಸುದ್ದಿ ಮುಟ್ಟಿಸುವ ಹೊಣೆ ಯಾವ ಇಲಾಖೆಗೂ ಇರಲಿಲ್ಲ. ಅದೇ 2017ರಲ್ಲಿ ಸಿಗ್ ಸೌಯರ್ ಕಂಪೆನಿ ತನ್ನ ಪಿ320 ಪಿಸ್ತೂಲು ಕೆಳಗೆ ಬಿದ್ದಾಗ ಹಾರಬಹುದೆಂಬ ವರದಿಗಳ ಬಳಿಕ ಅವನ್ನು ಹಿಂದಕ್ಕೆ ಪಡೆದು ಭಾಗಗಳನ್ನು ಬದಲಿಸಿಕೊಟ್ಟಿತು. ಆ ಯೋಜನೆಗೆ ಇಟ್ಟ ಹೆಸರು ‘ಸ್ವಯಂಪ್ರೇರಿತ ಉನ್ನತೀಕರಣ’. ಗ್ರಾಹಕನಿಗೆ ಹೊಸ ಸೌಲಭ್ಯವೇನೋ ಬಂದಿದೆ ಎನಿಸುವಂಥ ಪದ.

ಆಯುಧದ ಹಕ್ಕನ್ನು ಪ್ರತಿಪಾದಿಸುವವರ ವಾದವನ್ನೂ ಹೇಳಬೇಕು. ಅಭ್ಯಾಸದ ಅಂಗಳದಲ್ಲಿ ನನ್ನ ಪಕ್ಕದಲ್ಲಿ ನಿಲ್ಲುವವರು ಅವರೇ. ಸುರಕ್ಷತೆಯ ಹೆಸರಿನಲ್ಲಿ ನಾಳೆ ಎಲ್ಲವನ್ನೂ ನಿಷೇಧಿಸುತ್ತಾರೆ ಎಂಬುದು ಅವರ ಭಯ. ಇದು ಪೂರ್ತಿ ಕಲ್ಪನೆಯಲ್ಲ. 1974ರಲ್ಲಿ ಷಿಕಾಗೊದ ಗುಂಪೊಂದು ಪಿಸ್ತೂಲಿನ ಗುಂಡುಗಳನ್ನೇ ಅಪಾಯಕಾರಿ ಪದಾರ್ಥವೆಂದು ನಿಷೇಧಿಸುವಂತೆ ಇದೇ ಆಯೋಗವನ್ನು ಕೋರಿತ್ತು. 1976ರಲ್ಲಿ ಸಂಸತ್ತು ತಿದ್ದುಪಡಿ ತಂದು ಆ ಬಾಗಿಲನ್ನೂ ಮುಚ್ಚಿತು. ಹಾಗಿದ್ದರೆ ನಿಷೇಧಿಸುವ ಅಧಿಕಾರವಿಲ್ಲದ, ಕೇವಲ ದೋಷದ ವರದಿ ಪಡೆಯುವ, ಪ್ರಕಟಿಸುವ, ವಾಪಸು ಕರೆಸುವ ಅಧಿಕಾರವಿರುವ ವ್ಯವಸ್ಥೆಯನ್ನು ಬರೆದಿಡಲು ಯಾವ ಅಡ್ಡಿ? ದೋಷವಿದ್ದರೆ ನ್ಯಾಯಾಲಯವಿದೆಯಲ್ಲ ಎನ್ನುವವರೂ ಇದ್ದಾರೆ. ನಿಜ, ತಯಾರಕರಿಗೆ ರಕ್ಷಣೆ ಕೊಟ್ಟ 2005ರ ಕಾಯ್ದೆಯೂ ವಿನ್ಯಾಸದ ದೋಷದ ಮೊಕದ್ದಮೆಗಳಿಗೆ ಅವಕಾಶ ಉಳಿಸಿದೆ. ಆದರೆ ಗಾಯದ ಮೊಕದ್ದಮೆ ಹೂಡಲು ಮೊದಲು ಗಾಯವಾಗಬೇಕು. ಮಣ್ಣಿನ ದಿಬ್ಬಕ್ಕೆ ಹೊಕ್ಕ ಗುಂಡಿಗೆ ಯಾವ ವಕೀಲರೂ ವಕಾಲತ್ತು ಹಾಕುವುದಿಲ್ಲ.

ಮಲೆನಾಡಿನ ನಮ್ಮ ಮನೆಯಲ್ಲಿ ಅಜ್ಜನ ಕಾಲದ ತೋಟದ ಕೋವಿಯೊಂದಿತ್ತು. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತರಬೇಕಿತ್ತು. ರಿಪೇರಿಗೂ 1959ರ ಕಾಯ್ದೆಯಂತೆ ಪರವಾನಗಿ ಇದ್ದವರನ್ನೇ ಹುಡುಕಬೇಕಿತ್ತು. ಅಪ್ಪ ಗೊಣಗುತ್ತಿದ್ದರು. ಆ ಗೊಣಗಾಟದ ಮನೆಯಿಂದ ಬಂದ ನನಗೆ ಸರ್ಕಾರ ಎಲ್ಲದರಲ್ಲೂ ಮೂಗು ತೂರಿಸಬೇಕೆಂಬ ಹಂಬಲವೇನಿಲ್ಲ.

ನನ್ನ ನಿದ್ದೆ ಕೆಡಿಸಿದ್ದು ಬೇರೆಯೇ ಸಂಗತಿ. ನನ್ನ ಮಾತು ಕೇಳಿ ನಮ್ಮ ಕನ್ನಡ ಕೂಟದ ಗೆಳೆಯರೊಬ್ಬರು ಅದೇ ವರ್ಷ, ಅದೇ ಅಂಗಡಿಯಲ್ಲಿ, ಅದೇ ಮಾದರಿಯ ಪಿಸ್ತೂಲು ಕೊಂಡಿದ್ದರು. ಕ್ರಮಸಂಖ್ಯೆಗಳಲ್ಲಿ ನೂರರಷ್ಟೂ ಅಂತರವಿಲ್ಲ. ನನ್ನದು ಹಾರಿದ ದಿನವೇ ಅವರಿಗೆ ಹೇಳಿದೆ. ‘ಕಂಪೆನಿಯಿಂದ ಏನೂ ಪತ್ರ ಬಂದಿಲ್ಲವಲ್ಲ ಸಾರ್. ನಿಮ್ಮದೊಂದು ಎಲ್ಲೋ ಹಾಗೆ ಬಂದಿರಬೇಕು, ನನ್ನದು ಚೆನ್ನಾಗೇ ಇದೆ’ ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಕಾರಿನ ವಿಷಯದಲ್ಲಾಗಿದ್ದರೆ ಸರ್ಕಾರದ ಪತ್ರದ ಪ್ರತಿಯನ್ನು ತೋರಿಸುತ್ತಿದ್ದೆ. ಇಲ್ಲಿ ನನ್ನ ಬಳಿ ಇದ್ದದ್ದು ಎರಡು ಸಾಲಿನ ಚೀಟಿ. ಎಂಟು ತಿಂಗಳು ಅವರಿಗೆ ನೆನಪಿಸುತ್ತಲೇ ಇದ್ದೆ. ದೀಪಾವಳಿಯ ಊಟಕ್ಕೆ ಹೋದಾಗ ಅವರ ಪತ್ನಿ ನನ್ನನ್ನು ಬದಿಗೆ ಕರೆದು, ‘ಅಣ್ಣ, ಅದನ್ನು ಇವತ್ತೇ ಕಟ್ಟಿಬಿಡಿ’ ಎಂದರು.

ಊಟದ ಮೇಜಿನ ಮೇಲೆಯೇ ಕಟ್ಟಿದೆವು. ತಯಾರಕರ ಚೀಟಿ ತರಿಸಿಕೊಳ್ಳಲು ಎರಡು ದಿನ ಹಿಡಿಯಿತು; ಅಷ್ಟರವರೆಗೆ ಪೆಟ್ಟಿಗೆ ನನ್ನ ಕಬ್ಬಿಣದ ಬೀರುವಿನಲ್ಲಿತ್ತು. ಮೂರನೆಯ ದಿನ ಕೊರಿಯರ್ ಕೇಂದ್ರಕ್ಕೆ ಇಬ್ಬರೂ ಹೋದೆವು. ಕೌಂಟರಿನ ಹುಡುಗ ತೂಕ ನೋಡಿ, ಚೀಟಿಯ ಮೇಲೆ ಯಂತ್ರ ಓಡಿಸಿ, ಏನನ್ನೂ ಕೇಳದೆ ಒಳಗೆ ತಳ್ಳಿದ. ಒಂದು ತಿಂಗಳ ಬಳಿಕ ಅದು ಮರಳಿ ಬಂತು. ಜೊತೆಗಿದ್ದ ಕಾಗದದಲ್ಲಿ ನನಗೆ ಬಂದಿದ್ದ ಅವೇ ಎರಡು ಸಾಲುಗಳಿದ್ದವು: ಬಿಡಿಭಾಗ ಬದಲಿಸಲಾಗಿದೆ, ಪರೀಕ್ಷಿಸಿ ಹಾರಿಸಲಾಗಿದೆ.