ಈ ದೃಷ್ಟಿ ಯಾರಿಗೆ ಅರ್ಪಿತ?



ನಮ್ಮ ಧರ್ಮದಲ್ಲಿ ದೃಷ್ಟಿಗೆ ವಿಶೇಷವಾದ ಸ್ಥಾನವಿದೆ. ಅಂಗೈಯ ಇಷ್ಟಲಿಂಗದಲ್ಲಿ ಕಣ್ಣುಗಳನ್ನು ನೆಲೆಗೊಳಿಸುವುದೇ ನಮ್ಮ ಪೂಜೆಯ ತಿರುಳು. ಕಣ್ಣು ಎತ್ತ ನೆಟ್ಟಿತೋ ಮನವೂ ಅತ್ತಲೇ ಹರಿಯುವುದು. ಆದರೆ ದಿನವೂ ಸಂಜೆಯ ಹೊತ್ತಿನಲ್ಲಿ ನಮ್ಮ ಮನೆಮಂದಿಯ ದೃಷ್ಟಿ ಯಾರಿಗೆ ಅರ್ಪಿತವಾಗುತ್ತಿದೆ? ಇಂತಹುದೇ ಪ್ರಶ್ನೆಯನ್ನು 1970ರ ದಶಕದಲ್ಲಿ ಅಮೆರಿಕದ ಕೆಲವು ಕಲಾವಿದರು ವಿಡಂಬನೆಯ ಮೂಲಕ ಎತ್ತಿದ್ದರು.

ಎರಡನೆಯ ಮಹಾಯುದ್ಧದ ತರುವಾಯ ಆ ದೇಶದ ನಗರಗಳ ಹೊರವಲಯದಲ್ಲಿ ಒಂದೇ ಅಚ್ಚಿನ ಮನೆಗಳ ಬಡಾವಣೆಗಳು ತಲೆಯೆತ್ತಿದವು. ನ್ಯೂಯಾರ್ಕಿನ ಸಮೀಪದಲ್ಲಿ 1947ರಲ್ಲಿ ಆರಂಭವಾದ ಲೆವಿಟ್‌ಟೌನ್ ಇವುಗಳಲ್ಲಿ ಪ್ರಸಿದ್ಧವಾದುದು. ಇಂತಹ ಮನೆಗಳ ನಡುಕೋಣೆಯಲ್ಲಿ ಟಿವಿ ಪೆಟ್ಟಿಗೆ ಪ್ರತಿಷ್ಠಾಪಿತವಾಯಿತು. ಅದರೆದುರೇ ಕುಳಿತು ಉಣ್ಣಲೆಂದು ತಟ್ಟೆಸಹಿತವಾದ ಸಿದ್ಧ ಊಟವೂ 1950ರ ದಶಕದಲ್ಲಿ ಮಾರಾಟಕ್ಕೆ ಬಂದಿತು. ತೆರೆಯ ಮೇಲಿನ ಗೃಹಿಣಿಯೋ ಸದಾ ನಗುಮುಖದವಳು. ಆಕೆಗೆ ದಣಿವೆಂಬುದೇ ಇಲ್ಲ. 1960ರ ದಶಕದ ಕೊನೆಯಲ್ಲಿ ಕೈಯಲ್ಲಿ ಹೊತ್ತೊಯ್ಯಬಹುದಾದ ವಿಡಿಯೊ ಕ್ಯಾಮರಾ ದೊರೆತಾಗ, ಕಲಾವಿದರು ಟಿವಿಯ ಭಾಷೆಯಿಂದಲೇ ಟಿವಿಯನ್ನು ಪ್ರಶ್ನಿಸತೊಡಗಿದರು.

1973ರಲ್ಲಿ ಶಿಲ್ಪಿ ರಿಚರ್ಡ್ ಸೆರಾ ಮತ್ತು ಕಾರ್ಲೋಟಾ ಸ್ಕೂಲ್‌ಮನ್ ನಿರ್ಮಿಸಿದ 'ಟೆಲಿವಿಷನ್ ಡೆಲಿವರ್ಸ್ ಪೀಪಲ್' ಎಂಬ ಕೃತಿಯಲ್ಲಿ ನಟರಿಲ್ಲ, ಕಥೆಯಿಲ್ಲ. ಹಿನ್ನೆಲೆಯಲ್ಲಿ ಹಿತವಾದ ಸಂಗೀತ. ತೆರೆಯ ಮೇಲೆ ಮೆಲ್ಲನೆ ಮೇಲೇರುವ ಅಕ್ಷರಗಳು, ಅಷ್ಟೇ. ಅವುಗಳ ತಾತ್ಪರ್ಯ ಮಾತ್ರ ಕಠೋರವಾದುದು. ಟಿವಿಯ ವ್ಯಾಪಾರದಲ್ಲಿ ನೋಡುಗನು ಗಿರಾಕಿಯಲ್ಲ; ಅವನೇ ಸರಕು. ಅವನನ್ನು ಕೊಳ್ಳುವವನು ಜಾಹೀರಾತುದಾರ.

1975ರಲ್ಲಿ ಮಾರ್ಥಾ ರೋಸ್ಲರ್ ಎಂಬ ಕಲಾವಿದೆ 'ಸೆಮಿಯಾಟಿಕ್ಸ್ ಆಫ್ ದ ಕಿಚನ್' ಎಂಬ ಸುಮಾರು ಆರು ನಿಮಿಷಗಳ ಕಪ್ಪು-ಬಿಳುಪು ಚಿತ್ರವನ್ನು ಮಾಡಿದರು. ನೋಡಲು ಅದೊಂದು ಅಡುಗೆ ಕಾರ್ಯಕ್ರಮ. ಏಪ್ರನ್ ಧರಿಸಿದ ಆಕೆ ಮೇಜಿನ ಹಿಂದೆ ನಿಂತು, ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಒಂದೊಂದೇ ಪಾತ್ರೆ-ಪರಿಕರವನ್ನೆತ್ತಿ ಹೆಸರಿಸುತ್ತಾರೆ. ಆದರೆ ಮುಖದಲ್ಲಿ ನಗುವಿಲ್ಲ. ಚಾಕು ಗಾಳಿಯನ್ನು ಇರಿಯುತ್ತದೆ. ಸೌಟಿನಲ್ಲಿ ತೋಡಿದ ಇಲ್ಲದ ಸಾರು ಪಕ್ಕಕ್ಕೆ ಚೆಲ್ಲಲ್ಪಡುತ್ತದೆ. ಕೊನೆಯ ಕೆಲವು ಅಕ್ಷರಗಳಿಗೆ ಪರಿಕರಗಳ ಹೆಸರೂ ಇಲ್ಲ. ಆಕೆಯ ದೇಹವೇ ಅಕ್ಷರವಾಗುತ್ತದೆ. ಅಡುಗೆ ಮಾತ್ರ ಆಗುವುದೇ ಇಲ್ಲ. ಮೊದಮೊದಲು ನಗು ಬರಿಸುವ ಈ ಚಿತ್ರ, ಮುಗಿಯುವ ಹೊತ್ತಿಗೆ ಆ ನಗುಮುಖದ ಹಿಂದೆ ಅದುಮಿಟ್ಟ ಸಿಟ್ಟನ್ನು ಕಾಣಿಸುತ್ತದೆ.

ಅದೇ ವರ್ಷದ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನ, ಆಂಟ್ ಫಾರ್ಮ್ ಎಂಬ ಕಲಾವಿದರ ತಂಡ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಉರಿಯುವ ಟಿವಿ ಪೆಟ್ಟಿಗೆಗಳ ಗೋಡೆಗೆ ಕಾರನ್ನು ನುಗ್ಗಿಸಿತು. ಅದನ್ನು ವರದಿ ಮಾಡಲು ಬಂದವರೂ ಟಿವಿಯವರೇ! ಪೆಟ್ಟಿಗೆಯನ್ನು ಒಡೆದ ಮಾತ್ರಕ್ಕೆ ಅದರ ಹಿಡಿತ ತಪ್ಪದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆ ಕಲಾವಿದರು ರೋಗವನ್ನು ಸರಿಯಾಗಿಯೇ ಗುರುತಿಸಿದರು. ಮದ್ದು ಮಾತ್ರ ನಮ್ಮ ಮನೆಯಲ್ಲಿಯೇ ಇದೆ. ಕಾಯಕದಲ್ಲಿ ಮೇಲು-ಕೀಳಿಲ್ಲವೆಂದು ಸಾರಿದ ಶರಣರ ಮಕ್ಕಳು ನಾವು. ಧಾರಾವಾಹಿಯ ಸೊಸೆಯ ಕಣ್ಣೀರಿಗೆ ಮರುಗುವ ನಮಗೆ, ಅದೇ ಹೊತ್ತಿನಲ್ಲಿ ಒಳಗೆ ಒಬ್ಬಳೇ ಪಾತ್ರೆ ತೊಳೆಯುತ್ತಿರುವ ನಮ್ಮ ಮನೆಯ ಸೊಸೆ ಕಾಣದಿದ್ದರೆ ಕಾಯಕದ ಮಾತಿಗೆ ಬೆಲೆಯೆಲ್ಲಿ? ಈಗಂತೂ ಮನೆಗೊಂದು ಪೆಟ್ಟಿಗೆಯಲ್ಲ, ಕೈಗೊಂದು ತೆರೆ. ಒಂದೇ ಸೂರಿನಡಿ ನಾಲ್ವರು ನಾಲ್ಕು ಲೋಕದವರು.

ಟಿವಿಯನ್ನು ಹೊರಗೆಸೆಯಿರೆಂದು ನಾವು ಹೇಳುವುದಿಲ್ಲ. ಪ್ರಸಾದದ ವೇಳೆಯಾದರೂ ಅದು ಮೌನವಾಗಿರಲಿ. ಊಟದ ನಂತರ ಗಂಡುಮಕ್ಕಳೂ ಎದ್ದು ಪಾತ್ರೆಗೆ ಕೈಹಚ್ಚಲಿ. ಕೆಲಸ ಮುಗಿದ ಮೇಲೆ ಎಲ್ಲರೂ ಕೂಡಿ ಒಂದು ವಚನ ಹಾಡಲಿ. ಅರ್ಪಿಸದೆ ಏನನ್ನೂ ಸ್ವೀಕರಿಸಬಾರದೆಂಬ ನಮಗೆ, ನಮ್ಮ ದೃಷ್ಟಿ ಯಾರಿಗೆ ಅರ್ಪಿತವೆಂಬ ಎಚ್ಚರವೂ ಇರಬೇಕಲ್ಲವೆ?