ದುಡಿದ ಕೈಗಳೂ ಆಕಾಶದ ಅತಿಥಿಗಳೂ

ಇತ್ತೀಚಿನ ವರ್ಷಗಳಲ್ಲಿ ನಮ್ಮ ಮನೆಗಳ ಮಕ್ಕಳು ಹಿರಿಯರ ಮುಂದೆ ಇಡುತ್ತಿರುವ ಪ್ರಶ್ನೆಗಳಲ್ಲಿ ಒಂದು ವಿಚಿತ್ರವಾದುದಿದೆ. ಈಜಿಪ್ಟಿನ ಪಿರಮಿಡ್ಡುಗಳನ್ನು ಕಟ್ಟಿದವರು ಮನುಷ್ಯರೇ, ಅಥವಾ ಬೇರೆ ಗ್ರಹದಿಂದ ಇಳಿದುಬಂದವರೇ ಎಂಬುದೇ ಆ ಪ್ರಶ್ನೆ. ದೂರದರ್ಶನದ ಮಾಲಿಕೆಗಳೂ ಮೊಬೈಲಿನಲ್ಲಿ ಹರಿದಾಡುವ ವಿಡಿಯೋಗಳೂ ಈ ಮಾತನ್ನು ಮನೆಮನೆಗೆ ಮುಟ್ಟಿಸಿವೆ. ನಕ್ಕು ತಳ್ಳಿಹಾಕುವುದು ಹಿರಿಯರಿಗೆ ಸುಲಭ. ಆದರೆ ಮಗು ಶ್ರದ್ಧೆಯಿಂದ ಕೇಳಿದ ಪ್ರಶ್ನೆಗೆ ನಗೆಯು ಉತ್ತರವಾಗಲಾರದು. ಆದ್ದರಿಂದ ಈ ತಿಂಗಳು ನಾವು ಈ ವಿಷಯವನ್ನು ಓದುಗ ಬಂಧುಗಳೊಡನೆ ಕುಳಿತು ನಿಧಾನವಾಗಿ ಪರಿಶೀಲಿಸಬಯಸುತ್ತೇವೆ.

ಮೊದಲು ಈ ವಾದದ ಮೂಲವನ್ನು ತಿಳಿಯೋಣ. 1968ರಲ್ಲಿ ಸ್ವಿಟ್ಜರ್‌ಲೆಂಡಿನ ಎರಿಕ್ ಫಾನ್ ಡ್ಯಾನಿಕೆನ್ ಎಂಬಾತ ಜರ್ಮನ್ ಭಾಷೆಯಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಈತ ಪುರಾತತ್ತ್ವ ಶಾಸ್ತ್ರವನ್ನು ಓದಿದವನಲ್ಲ, ಹೋಟೆಲೊಂದರ ಮೇಲ್ವಿಚಾರಕನಾಗಿದ್ದವನು. 'ಚಾರಿಯಟ್ಸ್ ಆಫ್ ದಿ ಗಾಡ್ಸ್' ಎಂಬ ಹೆಸರಿನಲ್ಲಿ ಇಂಗ್ಲಿಷಿಗೂ, ಅನಂತರ ಹಲವಾರು ಭಾಷೆಗಳಿಗೂ ಅದು ಅನುವಾದಗೊಂಡಿತು. ಪ್ರಾಚೀನರು ದೇವರೆಂದು ಪೂಜಿಸಿದವರು ವಾಸ್ತವವಾಗಿ ಅನ್ಯಗ್ರಹದ ಪ್ರಯಾಣಿಕರು. ಪಿರಮಿಡ್ಡು ಮೊದಲಾದ ಮಹಾರಚನೆಗಳು ಅವರ ನೆರವಿನಿಂದಲೇ ಆದವು ಎಂಬುದು ಅದರ ತಿರುಳು. 2009ರಲ್ಲಿ ಅಮೆರಿಕದಲ್ಲಿ ಆರಂಭವಾದ 'ಏನ್ಷಿಯಂಟ್ ಏಲಿಯನ್ಸ್' ಎಂಬ ದೂರದರ್ಶನ ಕಾರ್ಯಕ್ರಮವು ಇದೇ ವಾದವನ್ನು ಹೊಸ ಪೀಳಿಗೆಗೆ ತಲುಪಿಸಿತು.

ಇಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ, ಅವನ್ನು ಬಿಡಿಸಿಕೊಳ್ಳಬೇಕು. ಈ ವಿಶಾಲ ವಿಶ್ವದಲ್ಲಿ ಬೇರೆಡೆ ಜೀವವಿರಬಹುದೇ ಎಂಬುದು ಒಂದು. ಅವರು ಇಲ್ಲಿಗೆ ಬಂದು ನಮ್ಮ ಪೂರ್ವಜರಿಗೆ ನಾಗರಿಕತೆಯನ್ನು ಕಲಿಸಿದರೇ ಎಂಬುದು ಇನ್ನೊಂದು. ಮೊದಲನೆಯದು ಗಂಭೀರವಾದ ವಿಜ್ಞಾನದ ಪ್ರಶ್ನೆ. ಸೂರ್ಯನಂತಹ ಇನ್ನೊಂದು ನಕ್ಷತ್ರವನ್ನು ಸುತ್ತುವ ಗ್ರಹವು ಮೊದಲಬಾರಿಗೆ 1995ರಲ್ಲಿ ಪತ್ತೆಯಾಯಿತು. 2025ರ ಹೊತ್ತಿಗೆ ಇಂತಹ ಹೊರಗಿನ ಗ್ರಹಗಳ ಸಂಖ್ಯೆ 6,000ವನ್ನು ಮುಟ್ಟಿತು. ಎಲ್ಲಿಯೂ ಜೀವದ ನಿಶ್ಚಿತ ಕುರುಹು ದೊರೆತಿಲ್ಲವಾದರೂ ಹುಡುಕಾಟವು ನಡೆದೇ ಇದೆ. ಎರಡನೆಯ ಪ್ರಶ್ನೆಯನ್ನೂ ವಿಜ್ಞಾನಿಗಳು ಕಣ್ಣುಮುಚ್ಚಿ ತಿರಸ್ಕರಿಸಿದವರಲ್ಲ. ಖ್ಯಾತ ಖಗೋಳವಿಜ್ಞಾನಿ ಕಾರ್ಲ್ ಸೇಗನ್, ಸೋವಿಯತ್ ವಿಜ್ಞಾನಿ ಶ್ಕ್ಲೋವ್‌ಸ್ಕಿಯೊಡಗೂಡಿ 1966ರಲ್ಲಿ ಹೊರತಂದ ಗ್ರಂಥದಲ್ಲಿ, ಅಂತಹ ಭೇಟಿ ನಡೆದಿರಬಹುದಾದ ಸಾಧ್ಯತೆಯನ್ನು ಚರ್ಚಿಸಿದ್ದುಂಟು. ಆದರೆ ಪುರಾವೆಯು ಬಲವಾಗಿರಬೇಕೆಂಬುದು ಅವರ ಷರತ್ತಾಗಿತ್ತು. ಡ್ಯಾನಿಕೆನ್ ಮುಂದಿಟ್ಟ ಪುರಾವೆಗಳನ್ನು ಕಂಡಮೇಲೆ ಸೇಗನ್ ಅವನ್ನು ಕಟುವಾಗಿ ವಿಮರ್ಶಿಸಿದರು. ಹಾಗಾದರೆ ಆ ಪುರಾವೆಗಳ ಗತಿಯೇನು ಎಂಬುದನ್ನು ನೋಡೋಣ.

ಗಿಜಾದ ಮಹಾ ಪಿರಮಿಡ್ಡು ಕ್ರಿ.ಪೂ. 2560ರ ಸುಮಾರಿಗೆ ಖುಫು ಎಂಬ ಅರಸನಿಗಾಗಿ ಕಟ್ಟಲ್ಪಟ್ಟುದು. ಮೊದಲಿಗೆ ಅದರ ಎತ್ತರ ಸುಮಾರು 146 ಮೀಟರ್. ಬಳಸಿದ ಕಲ್ಲುಗಳು ಸುಮಾರು 23 ಲಕ್ಷ. ಇದೊಂದನ್ನೇ ನೋಡಿದವರಿಗೆ ಮನುಷ್ಯಮಾತ್ರರಿಗೆ ಇದು ಸಾಧ್ಯವೇ ಎನಿಸುವುದು ಸಹಜ. ಆದರೆ ಇದು ಒಮ್ಮೆಗೇ ಮರಳಿನಿಂದ ಎದ್ದುಬಂದುದಲ್ಲ. ಇದಕ್ಕಿಂತ ಸುಮಾರು ನೂರು ವರ್ಷ ಮೊದಲು ಸಕ್ಕಾರಾದಲ್ಲಿ ಅರಸ ಜೋಸರನಿಗಾಗಿ ಮೆಟ್ಟಿಲು ಮೆಟ್ಟಿಲಾದ ಪಿರಮಿಡ್ಡೊಂದನ್ನು ಕಟ್ಟಿದರು. ಅದರ ನಿರ್ಮಾತೃವೆಂದು ಇಮ್ಹೊಟೆಪ್ ಎಂಬ ಅಧಿಕಾರಿಯ ಹೆಸರು ಉಳಿದುಬಂದಿದೆ. ಅನಂತರ ಮೈದೂಮ್‌ನಲ್ಲಿ ಕಟ್ಟಿದುದರ ಹೊರಮೈ ಕುಸಿದುಹೋಗಿ, ಇಂದು ಒಳಗಿನ ಗೋಪುರವಷ್ಟೇ ನಿಂತಿದೆ. ಖುಫುವಿನ ತಂದೆ ಸ್ನೆಫ್ರು ದಹಶೂರಿನಲ್ಲಿ ಕಟ್ಟಿಸಿದ ಪಿರಮಿಡ್ಡು ಕೆಳಗೆ ಸುಮಾರು 54 ಡಿಗ್ರಿ ಕಡಿದಾಗಿ ಏರಿ, ನಡುವಿನಲ್ಲಿ ಬಾಗಿ, ಮೇಲೆ 43 ಡಿಗ್ರಿಗೆ ಇಳಿದಿದೆ. ಕಟ್ಟಡವು ಭಾರಕ್ಕೆ ಬಿರುಕುಬಿಡತೊಡಗಿದುದರಿಂದ ಕಟ್ಟುವವರು ನಡುವೆಯೇ ಓರೆಯನ್ನು ತಗ್ಗಿಸಿದರೆಂದು ವಿದ್ವಾಂಸರು ವಿವರಿಸುತ್ತಾರೆ. ಅದೇ ಅರಸನ ಮುಂದಿನ ಪಿರಮಿಡ್ಡನ್ನು ಬುಡದಿಂದಲೇ 43 ಡಿಗ್ರಿಯ ಓರೆಯಲ್ಲಿ ಎಬ್ಬಿಸಿದರು. ಇಷ್ಟೆಲ್ಲ ಕಲಿತಮೇಲೆ ಖುಫುವಿನ ಪಿರಮಿಡ್ಡು ಬಂದಿತು.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದುಂಟು. ನಕ್ಷತ್ರಗಳ ನಡುವಣ ದೂರವನ್ನು ದಾಟಿಬರಬಲ್ಲ ಜ್ಞಾನಿಗಳು ನಿಂತು ಕಟ್ಟಿಸಿದ್ದರೆ ನಡುವಿನಲ್ಲಿ ಬಾಗಿದ ಪಿರಮಿಡ್ಡು ಏಕೆ ಇರಬೇಕಾಗಿತ್ತು? ಆಸ್ವಾನಿನ ಕಲ್ಲುಗಣಿಯಲ್ಲಿ ಸುಮಾರು 42 ಮೀಟರ್ ಉದ್ದದ ಕಂಬವೊಂದು ಇಂದಿಗೂ ಬಂಡೆಗೆ ಅಂಟಿಕೊಂಡೇ ಮಲಗಿದೆ. ಕಡೆಯುತ್ತಿರುವಾಗ ಬಿರುಕುಬಿಟ್ಟುದರಿಂದ ಕುಟಿಗರು ಅದನ್ನು ಹಾಗೆಯೇ ಬಿಟ್ಟು ಹೋದರು. ಗ್ರಾನೈಟನ್ನು ಜಜ್ಜಲು ಅವರು ಬಳಸಿದ ಗಟ್ಟಿಯಾದ ಗುಂಡುಕಲ್ಲುಗಳೂ ಅಲ್ಲಿಯೇ ದೊರೆತಿವೆ. ತಪ್ಪಿದ ಲೆಕ್ಕ, ಕೈಬಿಟ್ಟ ಕೆಲಸ, ಮತ್ತೆ ಮಾಡಿದ ಪ್ರಯತ್ನ, ಇವೆಲ್ಲ ಮನುಷ್ಯನ ಕೈಯ ಗುರುತುಗಳು.

ಆ ಮನುಷ್ಯರು ಯಾರು ಎಂಬುದೂ ಈಗ ಅಜ್ಞಾತವಲ್ಲ. 1837ರಷ್ಟು ಹಿಂದೆಯೇ ಮಹಾ ಪಿರಮಿಡ್ಡಿನ ಒಳಗೆ, ಅರಸನ ಕೋಣೆಯ ಮೇಲಿನ ಮುಚ್ಚಿದ ಗೂಡುಗಳಲ್ಲಿ, ಕೆಲಸಗಾರರ ತಂಡಗಳು ಕೆಂಪು ಬಣ್ಣದಿಂದ ಬರೆದ ಹೆಸರುಗಳು ಕಂಡುಬಂದವು. ಖುಫುವಿನ ಗೆಳೆಯರು ಎಂಬ ಅರ್ಥದ ಹೆಸರನ್ನು ಒಂದು ತಂಡವು ತಾನೇ ಇಟ್ಟುಕೊಂಡಿತ್ತು. ಗಿಜಾದಲ್ಲಿ ಮಾರ್ಕ್ ಲೆಹ್ನರ್ ನಡೆಸಿದ ಉತ್ಖನನದಲ್ಲಿ ಕೆಲಸಗಾರರ ಊರೇ ಬೆಳಕಿಗೆ ಬಂದಿತು: ರೊಟ್ಟಿ ಸುಡುವ ಮನೆಗಳು, ಉಗ್ರಾಣಗಳು, ಅವರಿಗಾಗಿ ಕೊಂದ ದನಕುರಿಗಳ ಮೂಳೆಗಳು. 1990ರಲ್ಲಿ ಪತ್ತೆಯಾಗಿ ಜಾಹಿ ಹವಾಸ್ ಅವರು ಅಗೆದ ಸ್ಮಶಾನದಲ್ಲಿ ಕೆಲಸಗಾರರ ಗೋರಿಗಳಿವೆ. ಭಾರಹೊತ್ತು ಸವೆದ ಬೆನ್ನುಮೂಳೆಗಳೂ, ಮುರಿದಮೇಲೆ ಕಟ್ಟುಹಾಕಿಸಿಕೊಂಡು ಸರಿಯಾಗಿ ಕೂಡಿಕೊಂಡ ಕೈಮೂಳೆಗಳೂ ಅಲ್ಲಿ ದೊರೆತವು. ಅಂದರೆ, ಗಾಯಗೊಂಡವನನ್ನು ಆರೈಕೆ ಮಾಡುವವರಿದ್ದರು. ಸತ್ತವನನ್ನು ಅರಸನ ಗೋರಿಯ ಸಮೀಪದಲ್ಲಿಯೇ ಗೌರವದಿಂದ ಮಣ್ಣುಮಾಡುವವರೂ ಇದ್ದರು.

ಇವೆಲ್ಲಕ್ಕೂ ಕಲಶವಿಟ್ಟಂತೆ 2013ರಲ್ಲಿ ಇನ್ನೊಂದು ಸಾಕ್ಷಿ ದೊರೆಯಿತು. ಕೆಂಪು ಸಮುದ್ರದ ತೀರದ ವಾದಿ ಅಲ್ ಜರ್ಫ್ ಎಂಬಲ್ಲಿ ಫ್ರಾನ್ಸಿನ ವಿದ್ವಾಂಸ ಪಿಯರ್ ತಲ್ಲೆಯವರ ತಂಡವು, ಬರಹವುಳ್ಳ ಪಪೈರಸ್ ಹಾಳೆಗಳಲ್ಲಿ ಇದುವರೆಗೆ ತಿಳಿದಿರುವ ಅತ್ಯಂತ ಹಳೆಯವನ್ನು ಕಂಡುಹಿಡಿಯಿತು. ಅವುಗಳಲ್ಲಿ ಮೆರೆರ್ ಎಂಬ ಮೇಸ್ತ್ರಿಯ ದಿನಚರಿಯಿದೆ. ತುರಾ ಎಂಬಲ್ಲಿನ ಗಣಿಯಿಂದ ಬಿಳಿಯ ಸುಣ್ಣಗಲ್ಲನ್ನು ದೋಣಿಗಳಲ್ಲಿ ತುಂಬಿಸಿಕೊಂಡು, ನೈಲ್ ನದಿಯನ್ನು ದಾಟಿ, ಖುಫುವಿನ ಪಿರಮಿಡ್ಡಿಗೆ ತಲುಪಿಸಿ, ಮರಳಿ ಗಣಿಗೆ ಹೋದುದನ್ನು ಆತನು ದಿನದಿನವೂ ಬರೆದಿಟ್ಟಿದ್ದಾನೆ. ನಮ್ಮ ಅಂಗಡಿಗಳ ರೋಜುಪುಸ್ತಕದಂತಹ ಒಣ ಲೆಕ್ಕವದು. ಕಲ್ಲು ಎಲ್ಲಿಂದ ಬಂದಿತು, ಯಾರು ತಂದರು ಎಂಬ ಪ್ರಶ್ನೆಗೆ ನಾಲ್ಕೂವರೆ ಸಾವಿರ ವರ್ಷಗಳ ಹಿಂದಿನ ದುಡಿಮೆಗಾರನು ತನ್ನ ಕಾಲದಲ್ಲಿಯೇ ಕೊಟ್ಟ ಉತ್ತರವೂ ಅದೇ.

ಭಾರವಾದುದನ್ನು ನೆಲದ ಮೇಲೆ ಎಳೆದುದು ಹೇಗೆ? ಕ್ರಿ.ಪೂ. 1900ರ ಸುಮಾರಿನ ಗೋರಿಯೊಂದರ ಗೋಡೆಯ ಚಿತ್ರದಲ್ಲಿ ಬೃಹತ್ ಪ್ರತಿಮೆಯೊಂದನ್ನು ಚಕ್ರವಿಲ್ಲದ ಮರದ ಬಂಡಿಯ ಮೇಲಿರಿಸಿ ಸಾಲುಸಾಲು ಜನರು ಹಗ್ಗಹಿಡಿದು ಎಳೆಯುತ್ತಿದ್ದಾರೆ. ಬಂಡಿಯ ಮುಂದೆ ನಿಂತವನೊಬ್ಬನು ನೆಲಕ್ಕೆ ನೀರು ಸುರಿಯುತ್ತಿದ್ದಾನೆ. 2014ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು, ಮರಳನ್ನು ತಕ್ಕಷ್ಟು ತೇವಗೊಳಿಸಿದರೆ ಎಳೆಯಲು ಬೇಕಾಗುವ ಬಲವು ಅರ್ಧಕ್ಕೆ ಇಳಿಯುತ್ತದೆಂದು ಪ್ರಯೋಗದಿಂದ ತೋರಿಸಿದರು.

ಈಜಿಪ್ಟಿನ ಕಥೆಯು ಹೀಗಾದರೆ ಉಳಿದೆಡೆಗಳದೂ ಬೇರೆಯಲ್ಲ. ಮೆಕ್ಸಿಕೋದ ಪಾಲೆಂಕೆಯಲ್ಲಿ 1952ರಲ್ಲಿ ಆಲ್ಬರ್ಟೊ ರುಜ್ ಅವರು ತೆರೆದ ಮಾಯಾ ಅರಸನ ಗೋರಿಯ ಮುಚ್ಚಳದಲ್ಲಿ, ರಾಕೆಟ್ಟನ್ನು ನಡೆಸುತ್ತಿರುವ ಮನುಷ್ಯನನ್ನು ಡ್ಯಾನಿಕೆನ್ ಕಂಡನು. ಮಾಯಾ ಲಿಪಿಯನ್ನು ಓದಬಲ್ಲವರು ಹೇಳುವುದೇ ಬೇರೆ: ಆತನು ಕ್ರಿ.ಶ. 683ರಲ್ಲಿ ತೀರಿಕೊಂಡ ಪಕಾಲ್ ಎಂಬ ಅರಸ. ಆತನ ಹಿಂದೆ ನಿಂತಿರುವುದು ಮಾಯಾ ಜನರು ನಂಬಿದ್ದ ವಿಶ್ವವೃಕ್ಷ. ಪೆಟ್ಟಿಗೆಯ ಬದಿಗಳಲ್ಲಿ ಆತನ ಹಿರಿಯರ ರೂಪಗಳೂ ಹೆಸರುಗಳೂ ಇವೆ. ಈಸ್ಟರ್ ದ್ವೀಪದ ಕಲ್ಲುಗಣಿಯಲ್ಲಿ ಅರೆಬರೆ ಕಡೆದ ನೂರಾರು ವಿಗ್ರಹಗಳು ಕಲ್ಲಿನ ಉಳಿಗಳ ಸಮೇತ ಬಿದ್ದಿವೆ. 1955–56ರಲ್ಲಿ ಥಾರ್ ಹೆಯೆರ್‌ಡಾಲ್ ಕೇಳಿಕೊಂಡಾಗ, ಹನ್ನೆರಡು ಜನ ದ್ವೀಪವಾಸಿಗಳು ಮರದ ಸನ್ನೆಗೋಲುಗಳಿಂದಲೂ ಸಣ್ಣ ಕಲ್ಲುಗಳಿಂದಲೂ ಬಿದ್ದಿದ್ದ ವಿಗ್ರಹವೊಂದನ್ನು 18 ದಿನಗಳಲ್ಲಿ ಎತ್ತಿ ನಿಲ್ಲಿಸಿದರು. ವಿಗ್ರಹಗಳು ನಡೆದುಕೊಂಡೇ ಬಂದವೆಂದು ಆ ಜನರ ಹಿರಿಯರು ಹೇಳುತ್ತಿದ್ದರು. 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 18 ಮಂದಿ ಮೂರು ಹಗ್ಗಗಳನ್ನು ಹಿಡಿದು, ನಾಲ್ಕು ಟನ್ನಿಗೂ ಮಿಕ್ಕಿದ ಪ್ರತಿಕೃತಿಯನ್ನು ಎಡಕ್ಕೂ ಬಲಕ್ಕೂ ತೂಗಿಸುತ್ತ ನಿಂತಂತೆಯೇ ಮುನ್ನಡೆಸಿದರು.

ಇಷ್ಟು ಹೇಳಿದಮೇಲೆ, ಇದರಿಂದ ಯಾರಿಗೇನು ನಷ್ಟ, ಮಕ್ಕಳ ಕುತೂಹಲಕ್ಕೆ ಇರಲಿ ಬಿಡಿ ಎಂದು ಕೆಲವರು ಕೇಳಬಹುದು. ನಷ್ಟವುಂಟು. ಅದಕ್ಕೆ ಆಫ್ರಿಕದ ಒಂದು ಉದಾಹರಣೆಯನ್ನು ಕೊಡುತ್ತೇವೆ. ಅಲ್ಲಿನ ಗ್ರೇಟ್ ಜಿಂಬಾಬ್ವೆಯಲ್ಲಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಏರಿಸಿದ, 11 ಮೀಟರ್‌ವರೆಗೆ ಎತ್ತರವಿರುವ ಗೋಡೆಗಳಿವೆ. 1871ರಲ್ಲಿ ಅವನ್ನು ಕಂಡ ಜರ್ಮನಿಯ ಕಾರ್ಲ್ ಮೌಖ್, ಇದು ಶೀಬಾ ರಾಣಿಯ ಅರಮನೆಗೆ ಸಂಬಂಧಿಸಿದುದೆಂದು ಊಹಿಸಿದನು. ಕರಿಯ ಜನರು ಇಂತಹುದನ್ನು ಕಟ್ಟಬಲ್ಲರೆಂದು ಒಪ್ಪಲು ಅಲ್ಲಿನ ಬಿಳಿಯ ಆಳರಸರಿಗೆ ಮನಸ್ಸಿರಲಿಲ್ಲ. 1905ರಲ್ಲಿ ರಾಂಡಲ್ ಮ್ಯಾಕ್‌ಐವರ್, 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಂಪ್ಸನ್, ಇಬ್ಬರೂ ಅಗೆದು ನೋಡಿ ಇದು ಆಫ್ರಿಕದವರದೇ ಕೆಲಸವೆಂದು ಸಾರಿದರು. ಇಂದಿನ ಶೋನಾ ಜನರ ಪೂರ್ವಜರೇ ಅದನ್ನು ಕಟ್ಟಿದವರು. ಆದರೂ ಹಳೆಯ ಸುಳ್ಳು ದಶಕಗಳ ಕಾಲ ಅಧಿಕಾರದ ಬೆಂಬಲದಿಂದ ಬದುಕಿತು. 1980ರಲ್ಲಿ ಸ್ವತಂತ್ರವಾದ ದೇಶವು ಆ ಕಲ್ಲುಮನೆಗಳ ಹೆಸರನ್ನೇ ತನ್ನ ಹೆಸರಾಗಿ ಧರಿಸಿತು. ತಮ್ಮ ಅಜ್ಜಂದಿರ ದುಡಿಮೆಯನ್ನು ಅನ್ಯರ ಖಾತೆಗೆ ಬರೆದುದಕ್ಕೆ ಆ ಜನರು ಕೊಟ್ಟ ಮರುನುಡಿಯದು.

ಅಂದು ಅನ್ಯದೇಶದವರು ಕಟ್ಟಿದರೆಂದರು, ಇಂದು ಅನ್ಯಗ್ರಹದವರೆನ್ನುತ್ತಾರೆ. ಸ್ಟೋನ್‌ಹೆಂಜ್‌ನಂತಹ ಕೆಲವನ್ನು ಬಿಟ್ಟರೆ, ಇಂತಹ ಸಂದೇಹವು ಹೆಚ್ಚಾಗಿ ಬೀಳುವುದು ಈಜಿಪ್ಟ್, ಮೆಕ್ಸಿಕೋ, ಪೆರು ಮೊದಲಾದೆಡೆಗಳ ಮೇಲೆ. ಯೂರೋಪಿನ ಮುಗಿಲೆತ್ತರದ ಇಗರ್ಜಿಗಳನ್ನು ಕಟ್ಟಿದವರು ಯಾರೆಂದು ಇಷ್ಟು ಆತಂಕದಿಂದ ಕೇಳುವವರು ವಿರಳ. ಈ ವಾದವನ್ನು ನಂಬುವವರೆಲ್ಲರೂ ದುರುದ್ದೇಶದವರೆಂದು ನಾವು ಹೇಳುವುದಿಲ್ಲ. ಆದರೆ ವಾದದ ಫಲವು ಒಂದೇ: ದುಡಿದವನ ಹೆಸರು ಅಳಿಸಿಹೋಗುತ್ತದೆ.

ಈ ಅಳಿಸುವಿಕೆಯು ನಮ್ಮ ನಾಡಿನ ಬಾಗಿಲಿಗೂ ಬಂದಿದೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ನುಣುಪಾದ ಕಂಬಗಳನ್ನು ತೋರಿಸಿ, ಇವು ಮನುಷ್ಯರು ಕೈಯಿಂದ ಮಾಡಿದವಲ್ಲ, ಯಾವುದೋ ಅಜ್ಞಾತ ಯಂತ್ರದವು ಎನ್ನುವ ವಿಡಿಯೋಗಳು ಹರಿದಾಡುತ್ತಿವೆ. ಆ ಶಿಲ್ಪದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಡುಸಾಗುತ್ತದೆ. ಕಂಬವನ್ನು ತಿರುಗಿಸುತ್ತ ಅದಕ್ಕೆ ಉಳಿ ಹಿಡಿದು ಕಡೆಯುವ ವಿದ್ಯೆ ನಮ್ಮ ಕುಶಲಿಗಳಿಗೆ ತಿಳಿದಿತ್ತು. ಹೊಯ್ಸಳ ಶಿಲ್ಪಿಗಳಂತೂ ತಮ್ಮ ಹೆಸರನ್ನು ಕಲ್ಲಿನ ಮೇಲೆಯೇ ಕೊರೆದುಹೋಗಿದ್ದಾರೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಆತನ ಮಗ ಚಾವಣರ ಹೆಸರುಗಳಿವೆ. ಅನೇಕ ಗುಡಿಗಳಲ್ಲಿ ಮಲ್ಲಿತಮ್ಮನ ಹೆಸರಿದೆ. ಹೆಸರು ಬರೆದಿಟ್ಟವರಿಗೇ ಈ ಗತಿಯಾದರೆ ಬರೆಯದೆ ಹೋದ ಕಲ್ಲುಕುಟಿಗರ, ಮಣ್ಣುಹೊತ್ತ ಹೆಣ್ಣುಮಕ್ಕಳ ಪಾಡೇನು?

ನಮ್ಮವರು ಇನ್ನೊಂದು ಬಗೆಯಲ್ಲಿಯೂ ಜಾರುವುದುಂಟು. ಪ್ರಾಚೀನ ಭಾರತದಲ್ಲಿ ವಿಮಾನಗಳಿದ್ದುವೆಂಬುದಕ್ಕೆ 'ವೈಮಾನಿಕ ಶಾಸ್ತ್ರ'ವನ್ನು ತೋರಿಸುತ್ತಾರೆ. ಅನ್ಯಗ್ರಹವಾದಿಗಳೂ ಅದನ್ನೇ ಎತ್ತಿಹಿಡಿಯುತ್ತಾರೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಆ ಗ್ರಂಥವನ್ನು ಪರಿಶೀಲಿಸಿ, ಅದು 1904ಕ್ಕಿಂತ ಹಳೆಯದಲ್ಲವೆಂದೂ ಅದರಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವೆಂದೂ ನಿರ್ಣಯಿಸಿದರು. ಪೂರ್ವಜರಿಗೆ ಇಲ್ಲದ ಕೀರ್ತಿಯನ್ನು ಅಂಟಿಸುವುದೂ ಇದ್ದ ಕೀರ್ತಿಯನ್ನು ಕಸಿಯುವುದೂ ಎರಡೂ ಸತ್ಯಕ್ಕೆ ಬಗೆದ ಅಪಚಾರವೇ ಸರಿ.

ಆದ್ದರಿಂದ ತಂದೆತಾಯಿಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಮಗುವು ಈ ಪ್ರಶ್ನೆಯನ್ನು ತಂದಾಗ ಗದರಬೇಡಿ. ಆಕಾಶದಲ್ಲಿ ಬೇರೆ ಜೀವಿಗಳಿರಬಹುದೇ ಎಂಬ ಅದರ ಕುತೂಹಲವನ್ನು ಬೆಳೆಯಗೊಡಿ. ಆದರೆ ಕಲ್ಲಿನ ಕೆಲಸದ ಮಾತು ಬಂದಾಗ, ಈ ಕಲ್ಲು ಯಾವ ಗಣಿಯದು, ಉಪಕರಣಗಳು ಎಲ್ಲಿ ದೊರೆತವು, ಇದಕ್ಕೆ ಮೊದಲು ಕಟ್ಟಿದುದು ಹೇಗಿತ್ತು, ದುಡಿದವರು ಏನು ಉಂಡರು, ಎಲ್ಲಿ ಮಲಗಿದರು ಎಂದು ಕೇಳುವುದನ್ನು ಕಲಿಸಿರಿ. ಬರುವ ರಜೆಯಲ್ಲಿ ಬೇಲೂರಿಗೋ ಹಳೇಬೀಡಿಗೋ ಕರೆದೊಯ್ದಾಗ, ವಿಗ್ರಹದ ಪೀಠದ ಬಳಿ ಬಗ್ಗಿ ಶಿಲ್ಪಿಯ ಹೆಸರನ್ನು ಹುಡುಕಿಸಿರಿ. ಹಳಗನ್ನಡದ ಆ ಅಕ್ಷರಗಳನ್ನು ತೋರಿಸಿ ಓದಿಹೇಳುವವರು ಅಲ್ಲಿ ಯಾರಾದರೂ ಸಿಕ್ಕಿಯೇ ಸಿಗುತ್ತಾರೆ.